ಹೆಬ್ಬೆರಳ ಮೇಲೆ ಹಾಕಿದ ತಪ್ಪು

ಹೊಸದಾಗಿ ಅಥ್ಲೆಟಿಕ್ಸ್ ಕೋಚ್ ಕೆಲಸಕ್ಕೆ ಸೇರಿದವರು ಆಗಾಗ ನನ್ನ ಮನೆಗೆ ಬರುತ್ತಾರೆ. ನಿವೃತ್ತಿಯಾದವನ ಮನೆಯಲ್ಲಿ ಕಾಫಿಗೂ ಮಾತಿಗೂ ಬರವಿಲ್ಲ ಎಂದು ಯಾರೋ ಅವರಿಗೆ ಹೇಳಿರಬೇಕು. ಬಂದವರು ಮೊದಲು ಕೇಳುವುದು ಯಾವ ಪ್ರೋಟೀನ್ ಪುಡಿ ಒಳ್ಳೆಯದು, ಯಾವ ಕಂಪನಿಯ ವಾಚು ಎದೆಬಡಿತವನ್ನು ಸರಿಯಾಗಿ ತೋರಿಸುತ್ತದೆ ಎಂದು. ನನಗೆ ಎರಡೂ ಗೊತ್ತಿಲ್ಲ. ನನಗೆ ಗೊತ್ತಿರುವುದು ಹಗ್ಗ, ಸುಣ್ಣದ ಪುಡಿ, ಸೀಟಿ ಮತ್ತು ಒಂದು ಸ್ಟಾಪ್‌ವಾಚು. ಇವುಗಳಲ್ಲಿ ಸೀಟಿಯೊಂದನ್ನು ಬಿಟ್ಟು ಉಳಿದ ಎಲ್ಲದರಲ್ಲೂ ನಾನು ತಪ್ಪು ಮಾಡಿದ್ದೇನೆ. ನಿವೃತ್ತಿಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲರಿಗೂ ಒಂದೇ ರೀತಿ ಸಿಗುತ್ತವೆ. ತಪ್ಪುಗಳು ಮಾತ್ರ ಅವರವರದೇ. ಆದ್ದರಿಂದ ತಪ್ಪುಗಳನ್ನೇ ಬರೆಯುತ್ತೇನೆ.

ಮೊದಲನೆಯದು ಹಗ್ಗದ್ದು. ಕೆಲಸಕ್ಕೆ ಸೇರಿ ಎರಡನೇ ವರ್ಷ. ಆಗ ಶಿವಮೊಗ್ಗದ ಮೈದಾನದಲ್ಲಿ ಈಗಿನಂತೆ ಕೆಂಪು ಸಿಂಥೆಟಿಕ್ ಟ್ರ್ಯಾಕ್ ಇರಲಿಲ್ಲ, ಬರೀ ಮಣ್ಣು. ಪ್ರತಿ ಕ್ರೀಡಾಕೂಟಕ್ಕೂ ಅಳೆದು ಸುಣ್ಣದ ಗೆರೆ ಎಳೆಯಬೇಕು. ಸಲಸಲಕ್ಕೂ ಟೇಪು ಹುಡುಕುವ ತೊಂದರೆ ಬೇಡವೆಂದು ಒಂದು ನೂಲಿನ ಹಗ್ಗಕ್ಕೆ ಬೇಕಾದ ಅಳತೆಯಲ್ಲಿ ಗಂಟು ಹಾಕಿ ಇಟ್ಟುಕೊಂಡಿದ್ದೆ. ಜಿಲ್ಲಾ ಶಾಲಾ ಕ್ರೀಡಾಕೂಟದ ಹಿಂದಿನ ದಿನ ಹಗ್ಗವನ್ನು ಹೊರಗೇ ಬಿಟ್ಟೆ, ಮಳೆ ಬಂತು. ನೂಲು ನೆಂದರೆ ಕುಗ್ಗುತ್ತದೆ ಎಂಬುದು ಬಟ್ಟೆ ಒಗೆಯುವ ಎಲ್ಲರಿಗೂ ಗೊತ್ತು. ನನ್ನ ಬಟ್ಟೆಯನ್ನು ಅಲ್ಲಿಯವರೆಗೆ ನಾನು ಒಗೆದವನಲ್ಲ.

ಬೆಳಿಗ್ಗೆ ಅದೇ ಹಗ್ಗ ಹಿಡಿದು ಗೆರೆ ಎಳೆದೆ. ಅವತ್ತು ನಾಲ್ಕು ಹಳೆಯ ದಾಖಲೆಗಳು ಮುರಿದವು. ಆಯನೂರಿನ ಹುಡುಗನೊಬ್ಬ ನಾನೂರು ಮೀಟರಿನಲ್ಲಿ ಜಿಲ್ಲಾ ದಾಖಲೆಯನ್ನು ಒಂದು ಸೆಕೆಂಡಿಗಿಂತ ಹೆಚ್ಚು ಅಂತರದಲ್ಲಿ ಮುರಿದ. ನಮ್ಮ ಇಲಾಖೆಯ ಸಾಹೇಬರು ಖುಷಿಯಿಂದ ಪತ್ರಿಕೆಯವರಿಗೆ ಫೋನ್ ಮಾಡಿದರು. ಸಂಜೆ ಎಲ್ಲ ಮುಗಿದ ಮೇಲೆ ಕುಂಸಿ ಕಡೆಯ ಹಿರಿಯ ಪಿ.ಟಿ. ಮೇಷ್ಟ್ರೊಬ್ಬರು ಟ್ರ್ಯಾಕಿನ ಸುತ್ತ ಒಂದು ಸುತ್ತು ನಡೆದು ನನ್ನ ಹತ್ತಿರ ಬಂದರು.

"ಮೇಷ್ಟ್ರೇ, ತಪ್ಪು ತಿಳೀಬೇಡಿ. ನನ್ನ ಹೆಜ್ಜೆಗೆ ನಿಮ್ಮ ಟ್ರ್ಯಾಕ್ ಸ್ವಲ್ಪ ಬೇಗ ಮುಗೀತು."

ಉಕ್ಕಿನ ಟೇಪು ತರಿಸಿ ಅಳೆದೆವು. ಒಂದು ಸುತ್ತಿಗೆ ಸುಮಾರು ಎಂಟು ಮೀಟರು ಕಡಿಮೆ. ಸಾಹೇಬರ ಬಳಿ ಹೋಗಿ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. "ರೆಕಾರ್ಡ್ ಬಂದಾಗ ಅಳೀಬಾರ್ದು ಕಣ್ರೀ, ಬರ್ದೇ ಇದ್ದಾಗ ಅಳೀಬೇಕು" ಎಂದು ಹೇಳಿ ಜೀಪು ಹತ್ತಿದರು. ನನ್ನ ಕೆಲಸವೂ ಉಳಿಯಿತು, ದಾಖಲೆಯೂ ಉಳಿಯಿತು. ನಾನು ಬಾಯಿ ಮುಚ್ಚಿಕೊಂಡೆ. ಉಳಿಯದೆ ಹೋದವನು ಆಯನೂರಿನ ಹುಡುಗ. ಮುಂದಿನ ಎರಡು ವರ್ಷ ಎಷ್ಟು ಓಡಿದರೂ ಆ ಸಮಯ ಅವನಿಗೆ ಮತ್ತೆ ಬರಲಿಲ್ಲ. ಬರುವುದಾದರೂ ಹೇಗೆ? ತನ್ನ ಕಾಲು ಸತ್ತುಹೋಯಿತೆಂದು ತಿಳಿದು ಅವನು ಓಟವನ್ನೇ ಬಿಟ್ಟ.

ಅಂದಿನಿಂದ ನನ್ನ ಚೀಲದಲ್ಲಿ ಉಕ್ಕಿನ ಟೇಪು ತಪ್ಪಲಿಲ್ಲ. ಪಾಠ ಕಲಿತೆ ಎಂದುಕೊಂಡೆ. ನಾನು ಕಲಿತದ್ದು ಹಗ್ಗದ ಪಾಠ ಮಾತ್ರ ಎಂಬುದು ಗೊತ್ತಾಗಲು ಮೂವತ್ತು ವರ್ಷ ಬೇಕಾಯಿತು.

ಇನ್ನು ಹೊಟ್ಟೆಯ ವಿಷಯ. ಓಡುವ ಮಕ್ಕಳಿಗೆ ಸರ್ಕಾರದಿಂದ ಬರುವ ಊಟದ ಹಣ ಹಸಿವಿನ ಹೊತ್ತಿಗೆ ಬಂದದ್ದನ್ನು ನಾನು ಕಾಣೆ. ಆದ್ದರಿಂದ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಅದಕ್ಕೆ 'ಪಾಲು' ಎನ್ನುತ್ತಿದ್ದೆವು. ಚೆನ್ನಾಗಿ ಓಡುವ ಒಂದು ಮಗುವಿಗೆ ಊರಿನ ಮೂರು ನಾಲ್ಕು ಜನ ಒಂದೊಂದು ಪಾಲು ಹೊರುವುದು. ಯಾರೂ ನಗದು ಕೊಡಕೂಡದು. ನಗದು ಬಂದರೆ ರಸೀದಿ ಬರುತ್ತದೆ, ರಸೀದಿಯ ಹಿಂದೆ ಜಗಳ ಬರುತ್ತದೆ. ಯಾರ ಕೈಯಲ್ಲಿ ಯಾವ ಕೆಲಸವಿದೆಯೋ ಅದನ್ನೇ ಕೊಡಬೇಕು.

ರಂಜಿತಾ ಸಿಕ್ಕಿದ್ದು ಭದ್ರಾವತಿಯ ಒಂದು ಶಾಲಾ ಕೂಟದಲ್ಲಿ. ಎಂಟನೇ ಕ್ಲಾಸು. ಬರಿಗಾಲು. ತಿರುವಿನಲ್ಲಿ ಎಲ್ಲರೂ ಒಳಕ್ಕೆ ವಾಲಿದರೆ ಇವಳು ಹೊರಕ್ಕೆ ಹೋಗುತ್ತಿದ್ದಳು, ಹಾಗೆ ಹೋಗಿಯೂ ಗೆಲ್ಲುತ್ತಿದ್ದಳು. ಅಪ್ಪ ಲಗೇಜ್ ಆಟೋ ಓಡಿಸುತ್ತಿದ್ದರು. ದಿನಾ ಶಿವಮೊಗ್ಗಕ್ಕೆ ಅಭ್ಯಾಸಕ್ಕೆ ಕಳಿಸಿ ಎಂದಾಗ ಅವರು ಕೇಳಿದ್ದು ಒಂದೇ ಮಾತು: "ಬಸ್ ಚಾರ್ಜು ಯಾರು ಕೊಡ್ತಾರೆ ಸಾರ್?"

ಅದಕ್ಕೆ ಶೇಖರಪ್ಪ ಸಿಕ್ಕ. ಭದ್ರಾವತಿ–ಶಿವಮೊಗ್ಗ ನಡುವೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. "ನನ್ನ ಪಾಲು ಟಿಕೆಟ್ಟು" ಎಂದ. ಏಳು ವರ್ಷ ಅವಳಿಂದ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಮಾಲೀಕರು ಬಿಟ್ಟಿಯಾಗಿ ಬಿಟ್ಟಿದ್ದಾರೆಂದು ನಾವು ತಿಳಿದಿದ್ದೆವು. ಅವನು ದಿನಾ ತನಗೆ ಸಿಗುವ ಬಾಟಾದ, ಅಂದರೆ ದಿನಭತ್ಯೆಯ, ದುಡ್ಡಿನಿಂದಲೇ ಅವಳ ಟಿಕೆಟ್ಟು ಹರಿಯುತ್ತಿದ್ದನೆಂದು ತಿಳಿದದ್ದು ಬಹಳ ತಡವಾಗಿ. ಮೊಟ್ಟೆಯ ಪಾಲು ಶಿವಮೊಗ್ಗದ ಬಜಾರಿನ ಬಾಷಾ ಸಾಹೇಬರದು, ಹೋಲ್‌ಸೇಲ್ ಮೊಟ್ಟೆ ವ್ಯಾಪಾರಿ. ವಾರಕ್ಕೊಂದು ಟ್ರೇ ತಾವೇ ಸ್ಕೂಟರಿನಲ್ಲಿಟ್ಟುಕೊಂಡು ಮೈದಾನಕ್ಕೆ ತರುತ್ತಿದ್ದರು, ಒಂದು ದಿನವೂ ಒಂದು ಒಡೆದಿರಲಿಲ್ಲ. ಊಟದ ಪಾಲು ಭದ್ರಾವತಿಯ ಕಾರ್ಖಾನೆ ಗೇಟಿನ ಬಳಿ ಮೆಸ್ ನಡೆಸುವ, ತಮಿಳು ಮನೆಮಾತಿನ ಕನ್ನಿಯಮ್ಮನದು. ಮೆಸ್ಸಿನಲ್ಲಿ ಗಿರಾಕಿ ಎಷ್ಟೇ ಕಾಯುತ್ತಿರಲಿ, ರಂಜಿತಾಳ ತಟ್ಟೆ ಮೊದಲು. ಅವಳ ಮೊದಲ ರಾಜ್ಯ ಪದಕದ ಫೋಟೋವನ್ನು ಕನ್ನಿಯಮ್ಮ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ, ದೇವರ ಪಟಗಳ ಸಾಲಿನಲ್ಲೇ ನೇತುಹಾಕಿದ್ದರು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಅದು ನನ್ನ ಸೇವೆಯ ಕೊನೆಯ ವರ್ಷ. ನನ್ನ ಕೈಯಲ್ಲಿ ಬೆಳೆದ ಒಬ್ಬರಾದರೂ ರಾಷ್ಟ್ರೀಯ ಪದಕ ತರಲಿಲ್ಲವಲ್ಲ ಎಂಬ ಕೊರಗು ನನಗಿತ್ತು. ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ರಂಜಿತಾ ಹೊರರಾಜ್ಯದ ಒಂದು ಶಿಬಿರಕ್ಕೆ ಹೋಗಿ ಎರಡು ತಿಂಗಳ ಬಳಿಕ ಬಂದಿದ್ದಳು. ಮೊದಲ ಸಂಜೆ ಮುನ್ನೂರು ಮೀಟರು ಓಡಿಸಿದೆ. ನಲವತ್ತೆರಡು ಸೆಕೆಂಡಿನ ಆಸುಪಾಸಿನ ಹುಡುಗಿ. ವಾಚು ನೋಡಿದರೆ ಮೂವತ್ತೊಂಬತ್ತು ಪಾಯಿಂಟ್ ಆರು.

ಕೈಯಲ್ಲಿ ಹಿಡಿದು ಅಳೆಯುವ ಸ್ಟಾಪ್‌ವಾಚಿನ ಗುಣ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಓಟ ಶುರುವಾದಾಗ ಹೆಬ್ಬೆರಳು ತಡವಾಗಿ ಒತ್ತಿದರೆ ಸಮಯ ಕಡಿಮೆ ಬರುತ್ತದೆ. ವಯಸ್ಸಾದ ಕೋಚುಗಳ ಹೆಬ್ಬೆರಳು ನಿಧಾನವಾಗುತ್ತದೆ ಎಂದು ನಾವು ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ನಾನು ಹೆಬ್ಬೆರಳನ್ನು ನೋಡಿದೆ, ಅರವತ್ತು ವರ್ಷದ ಹೆಬ್ಬೆರಳು. ತಪ್ಪು ಇದರದೇ, ಉಳಿದದ್ದು ಶಿಬಿರದ ಅಭ್ಯಾಸದ ಫಲ ಎಂದು ನನ್ನ ಸಮಯದ ಪುಸ್ತಕದಲ್ಲಿ ಮುಕ್ಕಾಲು ಸೆಕೆಂಡು ಸೇರಿಸಿ ಬರೆದೆ. ಮರುದಿನವೂ ಹಾಗೇ ಆಯಿತು, ಹಾಗೇ ಬರೆದೆ. ಓಡಿ ಮುಗಿಸಿದ ಮೇಲೆ ಅವಳು ಬೇರೆಯವರಂತೆ ನೀರಿಗೆ ಓಡದೆ ನನ್ನ ಎದುರು ಬಂದು ನಿಲ್ಲುತ್ತಿದ್ದಳು. ಹೊಗಳಿಕೆಗೆ ಕಾಯುತ್ತಿದ್ದಾಳೆಂದು ನಾನು "ಭೇಷ್" ಎನ್ನುತ್ತಿದ್ದೆ.

ಅದೇ ಸಂಜೆಗಳಲ್ಲಿ, ಅದೇ ವಾಚಿನಲ್ಲಿ, ಅದೇ ಹೆಬ್ಬೆರಳಿನಲ್ಲಿ ಉಳಿದ ಆರು ಹುಡುಗಿಯರ ಸಮಯವನ್ನೂ ತೆಗೆದಿದ್ದೆ. ಅವರೆಲ್ಲರ ಸಮಯ ಎಂದಿನಂತೆಯೇ ಇತ್ತು. ಅವರ ಲೆಕ್ಕಕ್ಕೆ ನಾನು ಏನನ್ನೂ ಸೇರಿಸಲಿಲ್ಲ. ಹೆಬ್ಬೆರಳು ಒಬ್ಬಳಿಗೆ ಮಾತ್ರ ಮುದಿಯಾಗುವುದಿಲ್ಲ ಎಂದು ನನಗೆ ಹೊಳೆಯಲಿಲ್ಲವೇ? ಹೊಳೆಯಿತು. ಹೊಳೆದದ್ದನ್ನು ಪಕ್ಕಕ್ಕೆ ತಳ್ಳಿದೆ.

ಆ ವರ್ಷ ಅವಳು ರಾಷ್ಟ್ರೀಯ ಕೂಟದಲ್ಲಿ ಬೆಳ್ಳಿ ಗೆದ್ದಳು. ಭದ್ರಾವತಿಯ ವೃತ್ತದಲ್ಲಿ ದೊಡ್ಡ ಫ್ಲೆಕ್ಸ್ ನಿಂತಿತು. ಅವಳ ಫೋಟೋ ದೊಡ್ಡದು, ನನ್ನದು ಮೂಲೆಯಲ್ಲಿ. ನನ್ನ ಹೆಂಡತಿ ಆಟೋ ನಿಲ್ಲಿಸಿ ಅದರ ಫೋಟೋ ತೆಗೆದಳು. ಎರಡು ತಿಂಗಳಿಗೆ ಪತ್ರ ಬಂತು. ಕೂಟದಲ್ಲಿ ಕೊಟ್ಟ ಮೂತ್ರದ ಮಾದರಿಯಲ್ಲಿ ನಿಷೇಧಿತ ಔಷಧಿ ಸಿಕ್ಕಿದೆ ಎಂದು.

ಆಗಿದ್ದ ನಮ್ಮ ಮೇಲಧಿಕಾರಿ ಮಾಡಿದ ಮೊದಲ ಕೆಲಸ ಫ್ಲೆಕ್ಸ್ ಇಳಿಸಲು ಹೇಳಿದ್ದು. ನಾನು ಮಾಡಿದ ಮೊದಲ ಕೆಲಸ ಅದಕ್ಕಿಂತ ಕೆಟ್ಟದ್ದು. ರಂಜಿತಾಳನ್ನು ಮೈದಾನದ ಮೆಟ್ಟಿಲ ಮೇಲೆ ಕೂರಿಸಿಕೊಂಡು, "ಕೆಮ್ಮಿನ ಔಷಧಿ ಕುಡಿದಿದ್ದೆ ಅನ್ನು. ಎಲ್ರೂ ಹಾಗೇ ಹೇಳೋದು. ಗೊತ್ತಿಲ್ದೆ ಆಯ್ತು ಅಂದ್ರೆ ನಡೆಯುತ್ತೆ" ಎಂದೆ.

ಅವಳು ತಲೆ ಎತ್ತಲಿಲ್ಲ. "ಕೆಮ್ಮಿರ್ಲಿಲ್ಲ ಸರ್. ಶಿಬಿರದಲ್ಲಿ ಒಬ್ಳ ಹತ್ರ ದುಡ್ಡು ಕೊಟ್ಟು ತಗೊಂಡೆ. ಏನು ಅಂತ ಗೊತ್ತಿದ್ದೇ ತಗೊಂಡೆ."

ಹಾಗೆಯೇ ಬರೆದುಕೊಟ್ಟಳು. ತಾನಾಗಿ ಒಪ್ಪಿಕೊಂಡಿದ್ದಕ್ಕೆ ಶಿಕ್ಷೆಯಲ್ಲಿ ಒಂದು ವರ್ಷ ಕಡಿಮೆಯಾಗಿ ಮೂರು ವರ್ಷದ ನಿಷೇಧ ಬಂತು. ಬೆಳ್ಳಿ ಪದಕ ಅಂಚೆಯಲ್ಲಿ ಹಿಂದಕ್ಕೆ ಹೋಯಿತು. ಸಿಗಲಿದ್ದ ಕ್ರೀಡಾ ಕೋಟಾದ ಕೆಲಸ ಸಿಗಲಿಲ್ಲ. ನಾನು ಆ ವರ್ಷವೇ ನಿವೃತ್ತನಾದೆ. ಬೀಳ್ಕೊಡುಗೆಯ ಭಾಷಣಗಳಲ್ಲಿ ಯಾರೂ ಅವಳ ಹೆಸರೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಇದಾಗಿ ಕೆಲವು ತಿಂಗಳ ಮೇಲೆ ಶೇಖರಪ್ಪ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ. "ಸಾರ್, ಆ ಹುಡುಗಿಗೆ ಸ್ವಲ್ಪ ಬುದ್ಧಿ ಹೇಳಿ ಮಾರಾಯ್ರೆ. ದಿನಾ ನನ್ನ ಬಸ್ಸಿಗೆ ಹತ್ತಿ ಎರಡು ಟಿಕೆಟ್ ಕೇಳ್ತಾಳೆ."

ಆಗ ತಿಳಿಯಿತು. ರಂಜಿತಾ ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಲಗೇಜಿನ ತಳ್ಳುಗಾಡಿಗಳನ್ನು ಜೋಡಿಸುವ ಗುತ್ತಿಗೆ ಕೆಲಸಕ್ಕೆ ಸೇರಿದ್ದಳು. ಶಿವಮೊಗ್ಗಕ್ಕೆ ಬಂದು ಅಲ್ಲಿಂದ ಕೆಲಸದವರ ಗಾಡಿ ಹತ್ತಬೇಕು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟೇ ಇಲ್ಲದ ಈ ಕಾಲದಲ್ಲಿ ಅವಳು ಅದನ್ನು ಬಿಟ್ಟು ಶೇಖರಪ್ಪನ ಬಸ್ಸಿಗೇ ಕಾದು ನಿಲ್ಲುತ್ತಿದ್ದಳು. ಮೊದಲ ದಿನ ಅವನು ದುಡ್ಡು ಬೇಡವೆಂದನಂತೆ. ಅವಳು ಕೈ ಚಾಚಿಯೇ ಇದ್ದಳಂತೆ.

"ಎರಡನೇದು ಯಾರಿಗೆ ಮಾರಾಯ್ತಿ ಅಂತ ಕೇಳ್ದೆ ಸಾರ್. ಹಳೇ ರಂಜಿತಂಗೆ ಅಂದ್ಳು. ಬಸ್ ತುಂಬ ಜನ. ಹರಿದು ಕೊಟ್ಟೆ."

"ನಿನಗೆ ಸಿಟ್ಟು ಬರಲಿಲ್ವಾ?" ಎಂದೆ.

"ಬಂತು. ಏಳು ವರ್ಷ ನಾನು ಕೊಟ್ಟಿದ್ದು ಸಾಲ ಅಲ್ಲ ಸಾರ್. ಆದ್ರೆ ಅವ್ಳ ಮುಖ ನೋಡಿದ್ರೆ ಬೇಡ ಅನ್ನಕ್ಕೂ ಆಗಲ್ಲ. ಏನ್ ಮಾಡ್ಲಿ ಹೇಳಿ?"

ಅವನು ಎರಡು ಟಿಕೆಟ್ಟು ಹರಿಯುತ್ತಲೇ ಹೋದ. ಬಸ್ಸಿನಲ್ಲಿ ಮೊದಮೊದಲು ಕಿಸಕ್ಕೆಂದು ನಗುವವರಿದ್ದರಂತೆ. ಬರಬರುತ್ತಾ ಅವಳ ಪಕ್ಕದ ಸೀಟನ್ನು ಯಾರೂ ಕೂರದೆ ಖಾಲಿ ಬಿಡತೊಡಗಿದರಂತೆ, ಎರಡನೇ ಟಿಕೆಟ್ಟಿನವಳು ನಿಜವಾಗಿಯೂ ಬರುತ್ತಾಳೆಂಬ ಹಾಗೆ. ರಂಜಿತಾಳೇ ಎದ್ದು ಮುದುಕಿಯರನ್ನು ಕರೆದು ಕೂರಿಸುತ್ತಿದ್ದಳಂತೆ.

ಬಾಷಾ ಸಾಹೇಬರ ಅಂಗಡಿಗೆ ಅವಳು ಮೊದಲ ತಿಂಗಳ ಸಂಬಳದ ಲಕೋಟೆ ಹಿಡಿದು ಹೋಗಿದ್ದಳು. ಸಾಹೇಬರು ಲಕೋಟೆಯನ್ನು ಮುಟ್ಟಲಿಲ್ಲ. "ಬೇಟಿ, ನಾನು ಮೊಟ್ಟೆ ಕೊಟ್ಟಿದ್ದು. ನೋಟು ತಗೊಂಡ್ರೆ ಹಿಸಾಬ್ ತಪ್ಪಾಗುತ್ತೆ" ಎಂದರಂತೆ. ಅವಳು ಅವರದೇ ಅಂಗಡಿಯಲ್ಲಿ ದುಡ್ಡು ಕೊಟ್ಟು ಒಂದು ಟ್ರೇ ಕೊಂಡು, ಅದನ್ನು ಮೈದಾನದ ಗೇಟಿನವರೆಗೆ ತಂದು, ಓಡುವ ಮಕ್ಕಳಿಗೆ ಕೊಡಿ ಎಂದು ವಾಚ್‌ಮನ್ ಕೈಗೆ ಕೊಟ್ಟಳು. ನಿಷೇಧ ಮುಗಿಯುವವರೆಗೆ ಅಭ್ಯಾಸದ ಮಕ್ಕಳ ಜೊತೆ ಬೆರೆಯಕೂಡದೆಂಬ ನಿಯಮವಿದ್ದುದರಿಂದ ಅವಳು ಗೇಟು ದಾಟಲಿಲ್ಲ. ಆಮೇಲೆ ಪ್ರತಿ ವಾರ ಹೀಗೆಯೇ. ಅವಳು ಬಸ್ಸಿನಲ್ಲಿ, ಆಟೋದಲ್ಲಿ ತರುವ ಟ್ರೇಯಲ್ಲಿ ಎರಡು ಮೂರು ಒಡೆದಿರುತ್ತಿದ್ದವು. ಸಾಹೇಬರಿಗೆ ಸಂಕಟವಾಗಿ ಕಡೆಗೆ ತಾವೇ ಸ್ಕೂಟರ್ ತೆಗೆದರು. ಅವಳು ಹಿಂದೆ ಕೂತು ಟ್ರೇಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು, ಸಾಹೇಬರು ಗುಂಡಿ ತಪ್ಪಿಸಿ ಓಡಿಸುತ್ತಿದ್ದರು.

ಕಷ್ಟವಾದದ್ದು ಕನ್ನಿಯಮ್ಮನದು. ಫೋಟೋ ಗೋಡೆಯಿಂದ ಇಳಿದಿತ್ತು. ಮೊಳೆ ಮಾತ್ರ ಅಲ್ಲೇ ಇತ್ತು. ಇದನ್ನು ನಾನು ಕಣ್ಣಾರೆ ಕಂಡೆ, ಏಕೆಂದರೆ ಒಬ್ಬಳೇ ಹೋಗಲು ಹೆದರಿ ಅವಳು ನನಗೆ ಫೋನ್ ಮಾಡಿದ್ದಳು. ಕನ್ನಿಯಮ್ಮ ಲಕೋಟೆಯನ್ನು ನೋಡಿದರು, ಅವಳನ್ನು ನೋಡಿದರು, ಸೆರಗಿನಲ್ಲಿ ಕೈ ಒರೆಸಿಕೊಂಡು ಲಕೋಟೆ ತೆಗೆದುಕೊಂಡರು.

"ಬೇಡ ಅಂತೀನಿ ಅಂದ್ಕೊಂಡ್ಯಾ ಕಣ್ಣು? ಬೇಡ ಅಂದ್ರೆ ನಾನು ದೊಡ್ಡೋಳಾಗ್ಬಿಡ್ತೀನಿ. ನಂಗೆ ದೊಡ್ಡೋಳಾಗದು ಬೇಡ. ನಿನ್ ಮೇಲೆ ಕೋಪ ಇದೆ ನಂಗೆ. ಊಟ ಸಾಲ್ದೆ ಹೋಯ್ತಾ? ನನ್ ಅನ್ನದಲ್ಲಿ ಓಡಕ್ಕಾಗಲ್ಲ ಅಂತ ಯಾರೋ ಹೇಳಿದ್ರಾ ನಿಂಗೆ?"

ರಂಜಿತಾ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ಅಷ್ಟು ದಿನ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಕನ್ನಿಯಮ್ಮ ಒಳಗೆ ಹೋಗಿ ತಟ್ಟೆ ತಂದಿಟ್ಟರು. "ತಿನ್ನು. ಇದಕ್ಕೂ ದುಡ್ಡು ಇಟ್ಟು ಹೋಗು" ಎಂದರು. ಅವಳು ತಿಂದು ದುಡ್ಡು ಇಟ್ಟಳು. ಮುಂದೆ ಪ್ರತಿ ತಿಂಗಳೂ ಹಾಗೆಯೇ ನಡೆಯಿತು. ಬಯ್ಗುಳ ಮಾತ್ರ ಪ್ರತಿ ತಿಂಗಳು ಒಂದಿಷ್ಟು ಕಡಿಮೆಯಾಯಿತು.

ಹೋದ ವರ್ಷದ ಕೊನೆಯಲ್ಲಿ ಒಂದು ಭಾನುವಾರ ಅವಳು ನನ್ನ ಮನೆಗೆ ಬಂದಳು. ನನ್ನ ಹೆಂಡತಿ ಕೊಟ್ಟ ಕಾಫಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು.

"ಸರ್, ಎಲ್ರ ಹತ್ರಾನೂ ಹೋಗಿ ಬಂದೆ. ನೀವೊಬ್ರು ಉಳ್ಕೊಂಡ್ರಿ. ನಿಮಗೆ ಏನು ಕೊಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ."

ನಾನು ಎದ್ದು ಹೋಗಿ ಸಮಯದ ಪುಸ್ತಕ ತಂದೆ. ಆ ಪುಟವನ್ನು ತೆರೆದು ಅವಳ ಮುಂದಿಟ್ಟೆ.

ಅವಳು ಬೆರಳಿಟ್ಟು ಓದಿದಳು. "ಇದು ನನ್ನ ಟೈಮಲ್ಲ ಸರ್."

"ಅಲ್ಲ. ನಿಂದು ಇದಕ್ಕಿಂತ ಮುಕ್ಕಾಲು ಸೆಕೆಂಡ್ ಕಡಿಮೆ ಇತ್ತು. ನಾನೇ ಸೇರಿಸಿ ಬರ್ದೆ."

"ಯಾಕೆ?"

"ನನ್ನ ಹೆಬ್ಬೆರಳು ನಿಧಾನ ಆಗಿದೆ ಅಂದ್ಕೊಂಡೆ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಎದುರಿಗೆ ಕೂತಿದ್ದವಳು ಕೆಮ್ಮಿರಲಿಲ್ಲ ಎಂದು ಬರೆದುಕೊಟ್ಟವಳು. "ಅಂದ್ಕೊಂಡೆ ಅನ್ನೋದೂ ಸುಳ್ಳು ರಂಜಿತಾ. ಹೆಬ್ಬೆರಳದೇ ತಪ್ಪಾಗಿರ್ಲಪ್ಪ ಅಂತ ಬೇಡ್ಕೊಂಡೆ. ನನಗೆ ಆ ಪದಕ ಬೇಕಿತ್ತು."

ಅವಳು ಲೋಟವನ್ನು ಕೆಳಗಿಟ್ಟು ಆ ಪುಟವನ್ನು ಮತ್ತೆ ಮೊದಲಿನಿಂದ ಓದಿದಳು. ಕಾಫಿ ಆರಿಹೋಯಿತು.

"ಸರ್, ಆ ವಾರ ಪೂರ್ತಿ ನೀವು ಕೇಳ್ತೀರ ಅಂತ ಕಾದೆ. ಓಡಿ ಬಂದು ಬೇಕಂತಲೇ ನಿಮ್ಮೆದುರಿಗೆ ನಿಲ್ತಿದ್ದೆ. ಏನಿದು ಅಂತ ಒಂದು ಮಾತು ಕೇಳಿದ್ರೆ ಹೇಳ್ಬಿಡ್ತಿದ್ದೆ. ಆಮೇಲೆ ತಗೋತಾನೂ ಇರ್ಲಿಲ್ಲ. ನೀವು ಭೇಷ್ ಅಂದ್ರಿ."

ಮೂವತ್ತು ವರ್ಷಗಳಲ್ಲಿ ನನಗೆ ಬಹಳ ಮೆಮೋಗಳು ಬಂದಿವೆ. ಯಾವುದೂ ಇಷ್ಟು ಸಣ್ಣ ದನಿಯಲ್ಲಿ ಬಂದಿರಲಿಲ್ಲ. "ತಪ್ಪಾಯ್ತಮ್ಮ" ಎಂದೆ. ಅವಳು ಪುಸ್ತಕ ಮುಚ್ಚಿ, ಆರಿದ ಕಾಫಿಯನ್ನು ಪೂರ್ತಿ ಕುಡಿದು, "ನಾನು ತಗೊಂಡಿದ್ದು ನಂದೇ ತಪ್ಪು ಸರ್. ಅದನ್ನ ನೀವು ತಗೋಬೇಡಿ. ನಿಮ್ದನ್ನ ಮಾತ್ರ ಇಟ್ಕೊಳ್ಳಿ" ಎಂದಳು.

ಮರುವಾರ ನಾನು ಆಯನೂರಿಗೆ ಹೋದೆ. ದಾಖಲೆ ಮುರಿದಿದ್ದ ಆ ಹುಡುಗ ಈಗ ಮೊಮ್ಮಗಳನ್ನು ಎತ್ತಿಕೊಳ್ಳುವ ವಯಸ್ಸಿನವನು, ಸಾಗರ ರಸ್ತೆಯಲ್ಲಿ ಟೈರ್ ಪಂಚರ್ ಅಂಗಡಿ. ಹಗ್ಗ, ಮಳೆ, ಎಂಟು ಮೀಟರು, ಎಲ್ಲವನ್ನೂ ಹೇಳಿದೆ. ಅವನು ಟ್ಯೂಬನ್ನು ನೀರಿನಲ್ಲಿ ಅದ್ದುವುದನ್ನು ನಿಲ್ಲಿಸಿದ. "ಹಂಗಾರೆ ನನ್ ಕಾಲು ಸರಿಯಾಗೇ ಇತ್ತಾ ಸಾರ್?" ಎಂದ. ಇತ್ತು ಎಂದೆ. "ನಮ್ಮಪ್ಪ ಸಾಯೋ ತನ್ಕ ನಾನು ಸೋಮಾರಿ ಅಂತ ಬಯ್ತಾನೇ ಇದ್ರು" ಎಂದು ಹೇಳಿ ನಕ್ಕ. ಆ ನಗು ನೋಡಲು ಕಷ್ಟವಾಯಿತು. ಆದರೂ ಟೀ ತರಿಸಿಕೊಟ್ಟ.

ಹೊಸಬರೇ, ನಿಮ್ಮ ಗಡಿಯಾರಗಳು ನನ್ನದಕ್ಕಿಂತ ಒಳ್ಳೆಯವು. ಅವುಗಳಲ್ಲಿ ಹೆಬ್ಬೆರಳಿಗೆ ಕೆಲಸವಿಲ್ಲ. ಆದರೆ ಮಗುವೊಂದು ಓಡಿ ಬಂದು ನೀರಿಗೂ ಹೋಗದೆ ನಿಮ್ಮೆದುರು ನಿಂತರೆ, ಭೇಷ್ ಎನ್ನುವ ಮೊದಲು ಅದರ ಮುಖ ನೋಡಿ. ಸಮಯ ಬಹಳ ಚೆನ್ನಾಗಿದ್ದ ದಿನವೇ ನೋಡಿ.

ಈ ವರ್ಷ ರಂಜಿತಾಳ ನಿಷೇಧ ಮುಗಿಯಿತು. ಮುಗಿದ ಮರುದಿನ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬನ್ನಿ ಎಂದು ಕರೆದಳು. ಹೋದರೆ ಗೇಟಿನ ಹೊರಗೇ ನಿಂತಿದ್ದಳು. ಮೂರು ವರ್ಷದ ಅಭ್ಯಾಸ. "ಬಾರಮ್ಮ ಒಳಗೆ" ಎಂದೆ. ಹಳೆಯ ಸ್ಪೈಕ್ಸ್ ಕಟ್ಟಿಕೊಂಡು ಗೆರೆಯ ಮೇಲೆ ನಿಂತಳು. ಒಂದು ಸುತ್ತು, ನಾನೂರು ಮೀಟರು. ಕೊನೆಯ ತಿರುವಿನಲ್ಲಿ ಎಂಟನೇ ಕ್ಲಾಸಿನಲ್ಲಿ ಹೋಗುತ್ತಿದ್ದಂತೆಯೇ ಹೊರಕ್ಕೆ ಹೋದಳು. ಕೊನೆಯ ಐವತ್ತು ಮೀಟರು ಬಹಳ ಒದ್ದಾಡಿದಳು. ಗೆರೆ ದಾಟಿ ನೀರಿಗೆ ಹೋಗದೆ, ಸೊಂಟ ಹಿಡಿದುಕೊಂಡು ಏದುಸಿರು ಬಿಡುತ್ತಾ ನನ್ನ ಎದುರು ಬಂದು ನಿಂತಳು.

ಅರವತ್ತೊಂದು ಪಾಯಿಂಟ್ ನಾಲ್ಕು. ಶಾಲಾ ಹುಡುಗಿಯರ ಸಮಯ.

"ಹೆಬ್ಬೆರಳು ಹೇಗಿದೆ ಸರ್?" ಎಂದಳು.

"ಸರಿಯಾಗಿದೆ" ಎಂದೆ. ಅವಳು ನೋಡುತ್ತಿದ್ದಂತೆಯೇ ಪುಸ್ತಕದಲ್ಲಿ ಅರವತ್ತೊಂದು ಪಾಯಿಂಟ್ ನಾಲ್ಕು ಎಂದು ಬರೆದೆ.